ಒಮ್ಮೆಯೂ ಕತ್ತೆಯಾಗದವನು

ಏಳು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಅವನು ತನ್ನ ಮನೆಯವರ ಜೊತೆ ಇಸ್ಪೀಟು ಆಡಿದ. ಒಮ್ಮೆಯೂ ಸೋಲಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಈ ಸಂಗತಿ ಮನೆಯೊಳಗೇ ಉಳಿದುಬಿಡುತ್ತಿತ್ತು. ಅವನು ಅದನ್ನು ಕನ್ನಡಕ ಕೊಳ್ಳಲು ಬಂದ ಗಿರಾಕಿಗೆ, ಪಕ್ಕದ ಬೀಗದ ಅಂಗಡಿಯವನಿಗೆ, ಬಸ್ಸಿಗೆ ಕಾಯುವ ಅಪರಿಚಿತರಿಗೆ ಕೂಡ ಹೇಳಿದ್ದ. ಐವತ್ತನಾಲ್ಕು ವರ್ಷದ ಗಂಡಸು, ತಲೆಗೂದಲು ಮುಕ್ಕಾಲು ಉದುರಿದವನು, ಹೆಂಡತಿಯನ್ನೂ ತಮ್ಮನನ್ನೂ ತಂಗಿಯನ್ನೂ ಮಕ್ಕಳಾಟದಲ್ಲಿ ಸೋಲಿಸಿದ್ದನ್ನು ಬೀದಿಯಲ್ಲಿ ನಿಂತು ಹೇಳಿಕೊಳ್ಳುತ್ತಿದ್ದ.

ಮಕ್ಕಳಾಟ ಎಂದದ್ದು ಬಾಯಿಮಾತಿಗಲ್ಲ. ಆಟದ ಹೆಸರೇ ಕತ್ತೆ. ಐವತ್ತೆರಡು ಎಲೆಗಳನ್ನೂ ಹಂಚಬೇಕು. ನಾಲ್ವರಿದ್ದರೆ ತಲೆಗೆ ಹದಿಮೂರು. ಇಸ್ಪೀಟಿನ ಎಕ್ಕ ಯಾರ ಕೈಗೆ ಬಂದಿದೆಯೋ ಅವರು ಅದನ್ನು ನಡುವೆ ಇಟ್ಟು ಆಟ ತೆಗೆಯುತ್ತಾರೆ. ಉಳಿದವರೂ ಇಸ್ಪೀಟನ್ನೇ ಇಳಿಸಬೇಕು. ಎಲ್ಲರ ಬಳಿಯೂ ಆ ಜಾತಿಯ ಎಲೆ ಇದ್ದರೆ ಸುತ್ತು ಮುಗಿಯಿತು. ನಾಲ್ಕು ಎಲೆಗಳೂ ಬದಿಗೆ ಸರಿಯುತ್ತವೆ, ದೊಡ್ಡದನ್ನು ಇಟ್ಟವರು ಮುಂದಿನ ಸುತ್ತು ನಡೆಸುತ್ತಾರೆ. ಯಾರದಾದರೂ ಕೈಯಲ್ಲಿ ಕೇಳಿದ ಜಾತಿ ಬರಿದಾಗಿದ್ದರೆ ಅವರು ತಮಗೆ ಬೇಡವಾದ ಇನ್ನೊಂದು ಎಲೆಯಿಂದ ಹೊಡೆಯುತ್ತಾರೆ. ಹೊಡೆತ ಬಿತ್ತೆಂದರೆ, ಕೇಳಿದ ಜಾತಿಯಲ್ಲಿ ದೊಡ್ಡ ಎಲೆ ಇಟ್ಟವರು ನಡುವಿನ ರಾಶಿಯನ್ನೆಲ್ಲ ಬಾಚಿಕೊಂಡು ತಮ್ಮ ಕೈಗೆ ಸೇರಿಸಿಕೊಳ್ಳಬೇಕು. ಕೈ ಖಾಲಿಯಾದವರು ಪಾರು. ಕೊನೆಗೆ ಎಲೆ ಹಿಡಿದುಕೊಂಡು ಉಳಿದವರು ಕತ್ತೆ. ರಾಜ, ರಾಣಿ, ಎಕ್ಕಗಳು ಬಂದವೆಂದು ಹಿಗ್ಗುವ ಹಾಗಿಲ್ಲ. ಈ ಆಟದಲ್ಲಿ ದೊಡ್ಡಸ್ತಿಕೆಯೇ ಹೊರೆ.

ಕತ್ತೆಯಾದವರು ಸಂಜೆಯ ಚಹಾ ಮುಗಿಯುವ ತನಕ ಎರಡೂ ಕಿವಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡು ಕೂರಬೇಕು. ಈ ನಿಯಮ ಅವನೇ ಮಾಡಿದ್ದು. ತಾನು ಎಂದೂ ಸಿಕ್ಕಿಸಿಕೊಳ್ಳಬೇಕಾಗಿಲ್ಲದ ಕ್ಲಿಪ್ಪುಗಳನ್ನು ಅವನು ಬಿಗಿಯಾಗಿರುವಂಥವೇ ನೋಡಿ ತಂದಿದ್ದ.

ಅವನದು ಕನ್ನಡಕದ ಅಂಗಡಿ. ಎರಡು ಕೈ ಚಾಚಿದರೆ ಗೋಡೆಯಿಂದ ಗೋಡೆಗೆ ತಾಗುವಷ್ಟು ಅಗಲ. ಗೋಡೆಯ ತುಂಬ ಮುಖವಿಲ್ಲದ ಫ್ರೇಮುಗಳು ಸಾಲಾಗಿ ನೋಡುತ್ತಿದ್ದವು. ಕೊನೆಯಲ್ಲಿ ಒಂದು ಎತ್ತರದ ಕುರ್ಚಿ, ಅದರೆದುರು ಅಕ್ಷರಗಳ ಹಲಗೆ. ಪಕ್ಕದ ಪೆಟ್ಟಿಗೆಯಲ್ಲಿ ದುಂಡನೆಯ ಗಾಜುಗಳು ಸಾಲು ಹಿಡಿದು ನಿಂತಿರುತ್ತಿದ್ದವು. ಬಂದವರ ಮೂಗಿನ ಮೇಲೆ ಕಬ್ಬಿಣದ ಒಂದು ಭಾರದ ಪರೀಕ್ಷೆಯ ಫ್ರೇಮು ಕೂರಿಸಿ, ಅದರ ಸೀಳುಗಳಿಗೆ ಒಂದಾದ ಮೇಲೊಂದು ಗಾಜು ಇಳಿಬಿಟ್ಟು ಅವನು ಕೇಳುತ್ತಿದ್ದ: "ಇದಾ? ಅದಾ? ಈಗ ಇದಾ? ಅದಾ?" ಬೀದಿಯವರು ಅವನಿಗಿಟ್ಟ ಹೆಸರೂ ಇದಾ-ಅದಾ. ಗಿರಾಕಿಗಳಿಗೆ ಅವನು ಎಂದೂ ತಪ್ಪು ಗಾಜು ಕೊಟ್ಟವನಲ್ಲ. ಕಾಲು ನಂಬರಿನ ವ್ಯತ್ಯಾಸಕ್ಕೆ ಅರ್ಧ ಗಂಟೆ ಕೂರಿಸಿಕೊಂಡು ಸರಿಮಾಡುತ್ತಿದ್ದ. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಮಾತು ಯಾರನ್ನು ನೋಡಿ ಹುಟ್ಟಿತೋ ಗೊತ್ತಿಲ್ಲ, ಇವನಿಗಂತೂ ಅಳತೆ ತೆಗೆದು ಹೊಲಿದ ಹಾಗಿತ್ತು.

ಏಕೆಂದರೆ ಅವನ ಗೆಲುವಿನ ಗುಟ್ಟು ಇಷ್ಟೆ: ಎದುರು ಕೂತವರ ಕನ್ನಡಕದ ಗಾಜಿನಲ್ಲಿ ಅವನು ಅವರ ಎಲೆಗಳನ್ನು ನೋಡುತ್ತಿದ್ದ.

ಹಜಾರದಲ್ಲಿ ಎತ್ತರಕ್ಕೊಂದು ಅಗಲವಾದ ಕಿಟಕಿ ಇತ್ತು. ಉಳಿದವರನ್ನೆಲ್ಲ ಆ ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ತಾನು ಗೋಡೆಗೊರಗಿ ಎದುರು ಕೂರುತ್ತಿದ್ದ. ಯಾಕೆ ಹೀಗೆ ಎಂದು ಮೊದಲ ಸಲ ತಮ್ಮ ಕೇಳಿದಾಗ ಕಣ್ಣಿನ ವೈದ್ಯನ ಗತ್ತಿನಲ್ಲಿ ಹೇಳಿದ್ದ: "ಓದೋವಾಗ ಆಗ್ಲಿ, ಎಲೆ ನೋಡೋವಾಗ ಆಗ್ಲಿ, ಬೆಳಕು ಹೆಗಲ ಮೇಲಿಂದ ಬರ್ಬೇಕು ಕಣೋ. ನನ್ನ ಕಣ್ಣು ಹೋದ್ರೂ ಪರವಾಗಿಲ್ಲ, ನಿಮ್ಮ ಕಣ್ಣು ಚೆನ್ನಾಗಿರ್ಲಿ." ಮಾತು ಶಾಸ್ತ್ರಕ್ಕೆ ಸರಿಯೇ. ಹೆಗಲ ಮೇಲಿಂದ ಬಂದ ಬೆಳಕು ಎಲೆಗಳ ಮುಖದ ಮೇಲೆ ಬಿದ್ದು, ಅಲ್ಲಿಂದ ಗಾಜಿಗೆ ಹೊಳೆದು, ಗೋಡೆಗೊರಗಿದ ತ್ಯಾಗಿಯ ಕಣ್ಣಿಗೆ ಬಂದು ತಲುಪುತ್ತಿತ್ತು. ಚಿತ್ರ ಪೂರ್ತಿ ಕಾಣಬೇಕೆಂದಿಲ್ಲ. ಕೈಯಲ್ಲಿ ಕೆಂಪು ಎಷ್ಟು, ಕಪ್ಪು ಎಷ್ಟು ಎಂದು ತಿಳಿದರೆ ಸಾಕು. ಕೆಂಪು ಬರಿದಾದವರ ಎದುರು ಕೆಂಪಿನ ದೊಡ್ಡ ಎಲೆ ಇಳಿಸದಿದ್ದರೆ ಆಯಿತು, ಹೊಡೆತ ಬೇರೆ ಯಾರಿಗೋ ಬೀಳುತ್ತದೆ.

ಇದಕ್ಕಾಗಿ ಅವನು ಹೆಂಡತಿಗೆ ಕನ್ನಡಕ ಹಾಕಿಸಿದ್ದ. ಅವಳ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ನಂಬರೇ ಇಲ್ಲದ ಬರಿ ಗಾಜು ಅದು. ಮೀಟರ್ ಓದುವ ಕೆಲಸದ ತಮ್ಮ, ಮನೆಮನೆಗೆ ಹೋಗಿ ನೀರಿನ ಅಂಕಿ ಬರೆದುಕೊಳ್ಳುವವನು, ಅವನಿಗೂ ಒಂದು ಚಪ್ಪಟೆ ಗಾಜು. ಮೂರು ವರ್ಷದ ಹಿಂದೆ ತಂಗಿ ಈ ಮನೆಗೆ ಬಂದಳು. ಅವಳು ಮದುವೆಯಾಗದೆ, ದುಡಿಯುವ ಹೆಂಗಸರ ಹಾಸ್ಟೆಲಿನಲ್ಲಿ ಇಪ್ಪತ್ತು ವರ್ಷ ಇದ್ದವಳು. ಹಾಸ್ಟೆಲು ಮುಚ್ಚಿತು, ಒಂದು ಪೆಟ್ಟಿಗೆ, ಒಂದು ಸೂಜಿಡಬ್ಬಿ ಹಿಡಿದು ಅಣ್ಣನ ಮನೆಗೆ ಬಂದಳು. ಅವಳನ್ನೂ ಆಟಕ್ಕೆ ಕರೆದರು. ಬರಿಗಣ್ಣಿನ ತಂಗಿ ಎದುರು ಕೂತ ನಾಲ್ಕು ಭಾನುವಾರ ಅವನು ಕೂದಲೆಳೆಯಲ್ಲಿ ಪಾರಾದ. ಐದನೆಯ ವಾರ ಊಟದ ನಡುವೆ ಕಕ್ಕುಲಾತಿಯಿಂದ ಹೇಳಿದ: "ಏನಮ್ಮ, ಕಣ್ಣು ಕಿರಿದು ಮಾಡ್ತೀಯಲ್ಲ. ನಾಳೆ ಅಂಗಡಿ ಹತ್ರ ಬಾ. ಅಣ್ಣ ಇದ್ದೂ ತಂಗಿ ಕಣ್ಣು ಕೆಡಿಸ್ಕೊಂಡ್ಳು ಅಂತ ಜನ ಅನ್ಬಾರ್ದು."

ತಂಗಿಯದು ರಫು ಹಾಕುವ ಕೆಲಸ. ಹರಿದ ಬಟ್ಟೆಗೆ ತೇಪೆ ಹಚ್ಚುವುದಲ್ಲ. ಹೊಲಿಗೆಯ ಒಳಮಡಿಕೆಯಿಂದ ಅದೇ ಬಟ್ಟೆಯ ಎಳೆಗಳನ್ನು ಒಂದೊಂದೇ ಬಿಡಿಸಿಕೊಂಡು, ಕೂದಲಿನಂಥ ಸೂಜಿಗೆ ಪೋಣಿಸಿ, ತೂತಿದ್ದಲ್ಲಿ ಒಂದರ ಮೇಲೆ ಒಂದರ ಕೆಳಗೆ ಹಾಯಿಸಿ ಬಟ್ಟೆಯನ್ನು ಮತ್ತೆ ನೇಯುವುದು. ಚೆನ್ನಾಗಿ ಮಾಡಿದರೆ ಆ ಕೆಲಸ ಮಾಡಿದ್ದೇ ಯಾರಿಗೂ ಕಾಣುವುದಿಲ್ಲ. ಹೀಗೆ ಕಾಣದ ಹಾಗೆ ಬದುಕುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಒಂದೇ ಮನೆಯಲ್ಲಿ ಅವಳು ನಡೆದಾಡಿದ ಸದ್ದೂ ಕೇಳಿಸುತ್ತಿರಲಿಲ್ಲ. ಸೂಜಿ ಹಿಡಿದಾಗ ಮಾತ್ರ ಅವಳ ಬೆರಳುಗಳು ಮಾತಾಡುತ್ತಿದ್ದವು.

ಆಗ ಅವಳಿಗೆ ನಲವತ್ತು ದಾಟಿತ್ತು. ಹತ್ತಿರದ ಎಳೆ ಕೊಂಚ ಮಸುಕಾಗತೊಡಗಿತ್ತು. ಆ ವಯಸ್ಸಿಗೆ ಎಲ್ಲರಿಗೂ ಆಗುವಂಥದ್ದೇ. ಅದಕ್ಕೆ ಚಾಳೀಸು ಕೊಡುತ್ತಾರೆ, ನಡುವೆ ಉಬ್ಬಿದ ಗಾಜು. ಆದರೆ ಉಬ್ಬಿದ ಗಾಜಿನ ಮೇಲೆ ಎದುರಿನ ವಸ್ತುವಿನ ಬಿಂಬ ಸಾಸಿವೆಕಾಳಿನಷ್ಟಾಗಿಬಿಡುತ್ತದೆ. ಆಟಕ್ಕೆ ಅದು ಪ್ರಯೋಜನವಿಲ್ಲ. ಅವನು ತಂಗಿಗೆ ಕೊಟ್ಟದ್ದು ದೂರ ಕಾಣದವರಿಗೆ ಕೊಡುವ ಚಪ್ಪಟೆ ಗಾಜು, ಅದೂ ಅಂಗೈಯಗಲದ್ದು. ಹತ್ತಿರದ ಕೆಲಸಕ್ಕೆ ಅದು ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ಅದು ಅವನಿಗೆ ಗೊತ್ತಿತ್ತು. ಕಾಲು ನಂಬರಿಗೆ ಅರ್ಧ ಗಂಟೆ ಕೂರಿಸುವವನಿಗೆ ಗೊತ್ತಿಲ್ಲದಿರುತ್ತದೆಯೇ?

"ಎಳೆ ಮೊದಲಿಗಿಂತ ಮಂಜಾಗಿದೆ ಅಣ್ಣ," ಎಂದಿದ್ದಳು ಆಗಲೇ.

"ಮೊದ್ಲು ಹಾಗೇ ಇರತ್ತೆ. ಕಣ್ಣು ಪಳಗ್ಬೇಕು."

ಮೂರು ವರ್ಷ ಅವಳ ಕಣ್ಣು ಪಳಗಲು ಹೆಣಗಿತು. ಸಂಜೆಗೆ ಹಣೆ ಸಿಡಿಯುತ್ತಿತ್ತು. ಎಳೆ ಎರಡೆರಡಾಗಿ ಕಾಣುತ್ತಿತ್ತು. ಅವಳಿಗೆ ಅಣ್ಣನ ಮೇಲೆ ಅನುಮಾನ ಬರಲಿಲ್ಲ. ಕಣ್ಣು ಹೋಗುತ್ತಿದೆ ಎಂದುಕೊಂಡಳು. ಹಾಗೆಂದುಕೊಂಡು, ಯಾರಿಗೂ ಹೇಳದೆ, ಬಚ್ಚಲಿನಲ್ಲಿ ಕಣ್ಣು ಮುಚ್ಚಿಕೊಂಡು ಸೋಪು, ಚೊಂಬು, ಅಗಳಿ ಎಲ್ಲಿವೆ ಎಂದು ತಡಕಿ ನೋಡಿ ರೂಢಿ ಮಾಡಿಕೊಳ್ಳತೊಡಗಿದ್ದಳು.

ಒಂದು ಶುಕ್ರವಾರ ಅವಳು ಕೆಲಸ ಮಾಡುವ ಅಂಗಡಿಯ ಒಡತಿ ಅವಳ ಮೇಜಿನ ಮೇಲೆ ಒಂದು ಬೂದುಬಣ್ಣದ ಉಣ್ಣೆಯ ಕೋಟು ಹಾಸಿದಳು. ಬಟ್ಟೆ ತೊಳೆದು, ಇಸ್ತ್ರಿ ಮಾಡಿ, ರಫು ಹಾಕಿ ಕೊಡುವ ಅಂಗಡಿ ಅದು. ಒಡತಿ ಮಾತಿನಲ್ಲಿ ಖಾರ, ಲೆಕ್ಕದಲ್ಲಿ ನೇರ. ಕೋಟಿನ ಎದೆಯ ಮೇಲೆ, ಸರಿಯಾಗಿ ಕಣ್ಣಿಗೆ ಬೀಳುವಲ್ಲಿ, ಹುಳು ತಿಂದ ತೂತು.

"ಇದು ವೇದಿಕೆ ಮೇಲೆ ಪಿಟೀಲು ಬಾರಿಸೋರದ್ದು. ಮುಂದಿನ ಶನಿವಾರ ಬೇಕು," ಎಂದಳು ಒಡತಿ. "ಈ ಎರಡು ತಿಂಗಳಲ್ಲಿ ನೀವು ಹಾಕಿದ್ದು ಎರಡು ವಾಪಸ್ ಬಂದಿದೆ. ನಾನು ಬಾಯಿ ಮುಚ್ಕೊಂಡಿದ್ದೆ. ಇದೂ ವಾಪಸ್ ಬಂದ್ರೆ ಈ ಮೇಜನ್ನ ಇಸ್ತ್ರಿಯವರಿಗೆ ಕೊಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

"ಆಯ್ತು," ಎಂದಳು ತಂಗಿ. ಅವಳಿಗೆ ಇದ್ದದ್ದು ಆ ಮೇಜೊಂದೇ. ಅದು ಹೋದರೆ ಉಳಿದ ಆಯುಷ್ಯವೆಲ್ಲ ಅಣ್ಣನ ಮನೆಯ ಮೂಲೆಯಲ್ಲಿ, ಅವನ ಗೆಲುವುಗಳನ್ನು ಕೇಳಿಕೊಂಡು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಚಾಪೆ ಹಾಸಿದರು. ಅವನು ಎಲೆ ಕಲೆಸಿದ. ಕಲೆಸುವಾಗಲೂ ಅವನಿಗೊಂದು ಠೀವಿ: ಎರಡು ಭಾಗ ಮಾಡಿ ಬಾಗಿಸಿ ಬಿಟ್ಟರೆ ಎಲೆಗಳು ಬರ್ರೆಂದು ಒಂದರೊಳಗೊಂದು ನುಗ್ಗಬೇಕು, ಎಲ್ಲರೂ ನೋಡಬೇಕು. ಹದಿನೈದು ಸುತ್ತು ನಡೆಯುವಷ್ಟರಲ್ಲಿ ತಂಗಿಯ ಹಣೆ ಸಿಡಿಯಲು ಶುರುವಾಯಿತು. ಶನಿವಾರ ಇಡೀ ದಿನ ಬೂದು ಎಳೆ ಬಿಡಿಸಿದ್ದಳು. ಮೂರು ಸಲ ಹಾಕಿ ಮೂರು ಸಲವೂ ಬಿಚ್ಚಿದ್ದಳು. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಎಲೆಗಳ ಮೇಲಿನ ಚುಕ್ಕಿಗಳು ಚುರುಕಾಗಿ ಎದ್ದು ಕಂಡವು. ಅವಳಿಗೆ ಅಚ್ಚರಿಯಾಯಿತು.

"ಯಾಕಮ್ಮ, ಕನ್ನಡಕ ತೆಗ್ದೆ?" ಎಂದ ಅವನು.

"ತಲೆನೋವು ಅಣ್ಣ. ಹೀಗೇ ಆಡ್ತೀನಿ."

"ತಲೆನೋವು ಬರೋದೇ ತೆಗೆದ್ರೆ. ಹಾಕ್ಕೋ."

"ಆಮೇಲೆ ಹಾಕ್ಕೋತೀನಿ. ನೀನು ಎಲೆ ಇಡು."

ಅವನು ಕತ್ತು ಚಾಚಿದ. ಅತ್ತ ವಾಲಿದ, ಇತ್ತ ವಾಲಿದ. ಹೆಂಡತಿ ಆಗಲೇ ಕೈ ಖಾಲಿ ಮಾಡಿಕೊಂಡು ಚಹಾಕ್ಕೆ ನೀರಿಡಲು ಎದ್ದಿದ್ದಳು. ಉಳಿದವರು ಮೂವರು. ತಮ್ಮನ ಗಾಜಿನಲ್ಲಿ ಒಂದು ಕೆಂಪು ಇತ್ತು. ತಂಗಿಯ ಮುಖದಲ್ಲಿ ಇದ್ದದ್ದು ಕಣ್ಣುಗಳು ಮಾತ್ರ, ಅವನ್ನು ಓದಲು ಅವನು ಎಂದೂ ಕಲಿತಿರಲಿಲ್ಲ. ಆಟೀನು ರಾಜನನ್ನು ಇಳಿಸಿದ. ತಮ್ಮ ಆಟೀನು ಏಳು ಇಟ್ಟ. ತಂಗಿಯ ಬಳಿ ಆಟೀನು ಇರಲಿಲ್ಲ. ಅವಳು ಕಳಾವರ್ ಎಕ್ಕವನ್ನು ಎತ್ತಿ ಮೆಲ್ಲಗೆ ನಡುವೆ ಇಟ್ಟಳು. ಅವಳು ಹೊಡೆಯುವುದೂ ಹಾಗೆಯೇ, ಸದ್ದಿಲ್ಲದೆ.

"ಹೊಡೆತ!" ಎಂದು ತಮ್ಮ ತೊಡೆ ತಟ್ಟಿದ. "ಬಾಚ್ಕೋ ಅಣ್ಣ, ಬಾಚ್ಕೋ!"

ಅವನು ಬಾಚಿಕೊಂಡ. ಮುಂದಿನ ಸುತ್ತಿನಲ್ಲಿ ಇನ್ನೊಂದು ಹೊಡೆತ ಬಿತ್ತು, ಅದರಾಚೆಯ ಸುತ್ತಿನಲ್ಲಿ ಮತ್ತೊಂದು. ತಮ್ಮ ಪಾರಾದ. ತಂಗಿ ತನ್ನ ಕೊನೆಯ ಎಲೆ ಇಟ್ಟು ಬರಿಗೈ ತೋರಿಸಿದಳು. ಗೋಡೆಗೊರಗಿದವನ ಕೈಯಲ್ಲಿ ಏಳು ಎಲೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ಕೂತಿದ್ದವು.

ತಮ್ಮ ಕ್ಲಿಪ್ಪು ತರಲು ಓಡಿದ. ಏಳು ವರ್ಷದಲ್ಲಿ ಆ ಮೀಟರ್ ಓದುವವನು ಅಷ್ಟು ಚುರುಕಾಗಿ ಎದ್ದದ್ದನ್ನು ಯಾರೂ ನೋಡಿರಲಿಲ್ಲ.

"ಅತ್ತಿಗೆ, ಬೇಗ ಬನ್ನಿ! ಅಣ್ಣನಿಗೆ ಕಿವಿ ಬಂತು!"

"ಥೂ, ತೆಗಿ ಅದನ್ನ!" ಅವನು ತಮ್ಮನ ಕೈ ತಳ್ಳಿದ. "ಈ ಆಟ ಲೆಕ್ಕಕ್ಕಿಲ್ಲ."

"ಯಾಕಿಲ್ಲ?"

"ಅವಳು ಕನ್ನಡಕ ಹಾಕಿರ್ಲಿಲ್ಲ."

"ಕನ್ನಡಕಕ್ಕೂ ಕತ್ತೆಗೂ ಏನಣ್ಣ ಸಂಬಂಧ? ಕುಣಿಯೋಕೆ ಬರ್ದೋರು ನೆಲ ಡೊಂಕು ಅಂದ್ರಂತೆ."

"ಈ ಮನೇಲಿ ಕನ್ನಡಕ ಹಾಕದೆ ಎಲೆ ಮುಟ್ಟೋ ಹಾಗಿಲ್ಲ!" ಎಂದು ಅವನು ಕೂಗಿದ. "ಅದು ನಿಯಮ. ಇವತ್ತಿಂದ ಅಲ್ಲ, ಮೊದಲಿಂದ್ಲೂ ಇತ್ತು." ಕೈಯಲ್ಲಿದ್ದ ಏಳು ಎಲೆಗಳನ್ನು ಚಾಪೆಗೆ ಎಸೆದು, ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗಿಬಿಟ್ಟ. ಮಕ್ಕಳಾದರೂ ಸೋತ ಮೇಲೆ ಕೊಂಚ ಹೊತ್ತು ಅಳುತ್ತಾರೆ. ಇವನಿಗೆ ಅಷ್ಟು ಮರ್ಯಾದೆಯೂ ಇರಲಿಲ್ಲ.

ಹರಿದ ಬಟ್ಟೆಯಲ್ಲಿ ಯಾವ ಎಳೆ ಎಲ್ಲಿಂದ ಬಂತು ಎಂದು ಹುಡುಕುವುದೇ ಕಸುಬಾಗಿದ್ದ ಹೆಂಗಸು ಅವಳು. ಇಲ್ಲದ ನಿಯಮವನ್ನು ಯಾಕೆ ಮಾಡಿದ ಎಂಬ ಎಳೆ ಅವಳ ಕೈಗೆ ಸಿಕ್ಕಿತ್ತು. ಎದ್ದುಹೋಗಿ ಅಣ್ಣನ ಜಾಗದಲ್ಲಿ, ಗೋಡೆಗೊರಗಿ ಕೂತಳು.

"ಅತ್ತಿಗೆ, ಸ್ವಲ್ಪ ಬಂದು ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ. ಎಲೆ ಹಿಡ್ಕೊಳ್ಳಿ, ಆಟದಲ್ಲಿ ಹಿಡೀತೀರಲ್ಲ ಹಾಗೆ."

ಅತ್ತಿಗೆ ಎಲೆ ಹಿಡಿದಳು. ಕಿಟಕಿಯ ಬೆಳಕು ಅವಳ ಹೆಗಲ ಮೇಲಿಂದ ಇಳಿದಿತ್ತು. ಎರಡು ಗಾಜಿನಲ್ಲೂ ಎಲೆಗಳ ಸಾಲು ತೇಲಿ ನಿಂತಿತ್ತು: ಕೆಂಪು, ಕೆಂಪು, ಕಪ್ಪು, ಕೆಂಪು.

"ನಿಮ್ಮ ಕೈಲಿ ಮೂರು ಕೆಂಪು, ಒಂದು ಕಪ್ಪು ಇದೆ ಅತ್ತಿಗೆ."

ತಮ್ಮ ಬಂದು, ಗೋಡೆಗೊರಗಿದ್ದ ಅಕ್ಕನ ಪಕ್ಕ ಕೂತು ನೋಡಿದ. "ಏಳು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದ್ನಾ!" ಎಂದ.

ಅತ್ತಿಗೆ ಎಲೆಗಳನ್ನು ಮಡಿಲಿಗಿಳಿಸಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ನಿಮಗೆ ಗೊತ್ತಿತ್ತಾ ಅತ್ತಿಗೆ?"

"ಗೊತ್ತಿಲ್ದೆ ಏನು? ಸರಿಯಾಗಿ ಕಾಣೋ ಕಣ್ಣಿಗೆ ಗಾಜು ಯಾಕೆ ಹಾಕಿಸ್ತಾರೆ ಅಂತ ನಾನೂ ಒಂದ್ಸಲ ಅಲ್ಲಿ ಕೂತು ನೋಡಿದ್ದೆ." ಅತ್ತಿಗೆ ಸೆರಗಿನಿಂದ ಗಾಜು ಒರೆಸಿದಳು. "ಗೆದ್ರೆ ಅವ್ರಿಗೆ ಊಟ ಸರಿಯಾಗಿ ಸೇರತ್ತೆ. ವಾರವಿಡೀ ಮನೇಲಿ ಕೂಗಾಟ ಇರಲ್ಲ. ಒಂದು ಕ್ಲಿಪ್ಪಿಗೆ ಕಿವಿ ಕೊಟ್ರೆ ಏನು ಹೋಗತ್ತೆ?"

"ನಿಮ್ಮದು ಕಿವಿ ಹೋಯ್ತು. ನನ್ನ ಕಣ್ಣು ಹೋಗ್ತಾ ಇತ್ತಲ್ಲ ಅತ್ತಿಗೆ."

"ನಿಂದೂ ಬರಿ ಗಾಜು ಅಂದ್ಕೊಂಡಿದ್ದೆ ಕಣಮ್ಮ," ಎಂದಳು ಅತ್ತಿಗೆ ತಲೆ ತಗ್ಗಿಸಿ. "ಕೇಳ್ಬೇಕಿತ್ತು. ಕೇಳ್ಲಿಲ್ಲ."

ಆ ಮನೆಯ ಸ್ಥಿತಿ ಇದು. ಒಬ್ಬ ಗೆಲ್ಲಲೇಬೇಕು, ಇನ್ನೊಬ್ಬಳಿಗೆ ಅದು ಗೊತ್ತು, ಮೂರನೆಯವನಿಗೆ ಗೊತ್ತಾಗುವಷ್ಟು ಕುತೂಹಲವೂ ಇಲ್ಲ. ಇಂಥ ಕಡೆ ಮೋಸಕ್ಕೆ ಜಾಣತನ ಬೇಕಾಗುವುದಿಲ್ಲ, ಒಂದು ಕಿಟಕಿ ಇದ್ದರೆ ಸಾಕು.

ಸೋಮವಾರ ಬೆಳಿಗ್ಗೆ ಕನ್ನಡಕದ ಅಂಗಡಿಯ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ತಂಗಿ ಹೋಗಿ ಎತ್ತರದ ಕುರ್ಚಿಯ ಮೇಲೆ ಕೂತಳು. ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು.

"ನನ್ನ ಕಣ್ಣು ನೋಡು ಅಣ್ಣ."

"ಮನೇಲಿ ಮಾತಾಡೋಣ," ಎಂದ ಅವನು ಹಲ್ಲು ಕಚ್ಚಿ.

"ಮನೇಲಿ ಗಾಜಿನ ಪೆಟ್ಟಿಗೆ ಇಲ್ವಲ್ಲ."

ಗಿರಾಕಿಗಳ ಎದುರು ಬೇರೆ ದಾರಿಯಿರಲಿಲ್ಲ. ಪರೀಕ್ಷೆಯ ಫ್ರೇಮನ್ನು ಅವಳ ಮೂಗಿನ ಮೇಲೆ ಕೂರಿಸಿದ. ಅವಳು ಅಕ್ಷರಗಳ ಹಲಗೆಯ ಕಡೆ ನೋಡಲೇ ಇಲ್ಲ. ಚೀಲದಿಂದ ಸೂಜಿಡಬ್ಬಿ ತೆಗೆದು, ಒಂದು ಸೂಜಿ, ಒಂದು ಬೂದು ಎಳೆ ಕೈಗೆ ತೆಗೆದುಕೊಂಡಳು. ಅವನು ಒಂದು ಚಪ್ಪಟೆ ಗಾಜು ಇಳಿಬಿಟ್ಟ.

"ಇದಾ?"

ಎಳೆ ಸೂಜಿಯ ಕಣ್ಣಿನ ಪಕ್ಕಕ್ಕೆ ಹೋಯಿತು. "ಇದಲ್ಲ."

"ಅದಾ?" ಇನ್ನೊಂದು ಚಪ್ಪಟೆ ಗಾಜು.

"ಅದೂ ಅಲ್ಲ." ಅವಳು ತಾನೇ ಪೆಟ್ಟಿಗೆಗೆ ಕೈ ಹಾಕಿದಳು. ಬೆರಳ ತುದಿಯಿಂದ ಗಾಜುಗಳನ್ನು ಸವರುತ್ತ ಹೋದಳು. ಬಟ್ಟೆಯ ಉಬ್ಬುತಗ್ಗು ತಿಳಿಯುವ ಬೆರಳುಗಳು. ನಡು ಉಬ್ಬಿದ ಒಂದು ಜೊತೆ ಎತ್ತಿ, ಚಪ್ಪಟೆಯವನ್ನು ತೆಗೆದು, ತಾನೇ ಸೀಳಿಗಿಳಿಸಿದಳು. ಸೂಜಿಯ ಕಣ್ಣು ಬಾಗಿಲಿನಷ್ಟು ಅಗಲವಾಗಿ ತೆರೆದುಕೊಂಡಿತು. ಎಳೆ ಒಂದೇ ಸಲಕ್ಕೆ ಒಳಹೋಯಿತು. ಅವಳು ಆ ಎಳೆಯನ್ನು ಬೆಳಕಿಗೆ ಹಿಡಿದಳು. ಅದರ ಮೈಮೇಲಿನ ಸಣ್ಣ ನವಿರು, ಹೊಸೆದ ತಿರುವು, ನಡುವೆ ಸೇರಿಕೊಂಡಿದ್ದ ಒಂದೇ ಒಂದು ಬಿಳಿಯ ಕೂದಲು, ಎಲ್ಲವೂ ಮೂರು ವರ್ಷದ ಮೇಲೆ ಮರಳಿ ಬಂದಿದ್ದವು.

"ಇದು," ಎಂದಳು ಕೊನೆಗೆ. "ಇವತ್ತು ಸಂಜೆಗೆ ಮಾಡ್ಕೊಡು."

"ಉಬ್ಬು ಗಾಜು ನಿನ್ನ ಮುಖಕ್ಕೆ ಒಪ್ಪಲ್ಲ," ಎಂದ ಅವನು.

ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ತಲೆಯೆತ್ತಿದರು.

"ನನ್ನ ಮುಖ ನೋಡೋಕೆ ಯಾರೂ ಬರಲ್ಲ ಅಣ್ಣ. ಕೋಟು ನೋಡೋಕೆ ಬರ್ತಾರೆ. ಶನಿವಾರ."

"ಗಾಜು ತರಿಸ್ಬೇಕು, ಉಜ್ಜಬೇಕು. ಹತ್ತು ದಿನ ಬೇಕು. ಅಷ್ಟಕ್ಕೂ ಏನಾಯ್ತು ಅಂತ ಇಷ್ಟೊಂದು? ನಾನೇನು ದುಡ್ಡು ಕಟ್ಟಿ ಆಡಿದ್ನಾ? ಮನೆಯವ್ರ ಹತ್ರ ತಾನೆ ಗೆದ್ದಿದ್ದು, ಹೊರಗಿನವ್ರ ಹತ್ರ ಅಲ್ವಲ್ಲ."

"ಹೊರಗಿನವ್ರ ಹತ್ರ ನಿನ್ನ ಕೈಲಿ ಆಗಲ್ಲ ಬಿಡು. ಅವ್ರು ಕಣ್ಣಿಗೆ ಸರಿಯಾದ ಗಾಜು ಹಾಕಿರ್ತಾರೆ."

ಅವಳು ಕುರ್ಚಿಯಿಂದ ಇಳಿದಳು. ಚಪ್ಪಟೆ ಗಾಜಿನ ಹಳೆಯ ಕನ್ನಡಕವನ್ನು ಅವನ ಮೇಜಿನ ಮೇಲಿಟ್ಟಳು. ಪರೀಕ್ಷೆಯ ಫ್ರೇಮನ್ನು ತೆಗೆಯಲಿಲ್ಲ. ತಿರುಪು, ಅಂಕಿಗಳ ಬಳೆ, ಕಿವಿಯ ಕೊಕ್ಕೆಗಳ ಸಮೇತ ಆ ಕಬ್ಬಿಣದ ಹೊರೆಯನ್ನು ಮೂಗಿನ ಮೇಲೆ ಹೊತ್ತುಕೊಂಡೇ ಬೀದಿಗಿಳಿದು ಕೆಲಸದ ಕಡೆ ನಡೆದಳು.

"ಏ! ಅದಿರೋದು ಒಂದೇ! ಗಿರಾಕಿಗಳು ಕೂತಿದಾರೆ!"

ಅವಳು ತಿರುಗಲಿಲ್ಲ. ದೂರದ್ದು ಆ ಗಾಜಿನಲ್ಲಿ ಮಂಜಾಗಿ ಕಾಣುತ್ತಿದ್ದರಿಂದ ನೋಡಿ ನೋಡಿ ಹೆಜ್ಜೆಯಿಡುತ್ತಿದ್ದಳು. ಅಂಚೆಯವನು ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟ. "ಏನಮ್ಮ, ಯಾವ ಗ್ರಹಕ್ಕೆ ಹೊರಟ್ರಿ?"

"ಕೆಲಸಕ್ಕೆ ಕಣಪ್ಪ."

ರಫು ಅಂಗಡಿಯಲ್ಲಿ ಇಸ್ತ್ರಿಯ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಒಡತಿ ಮಾತ್ರ ನಗಲಿಲ್ಲ. ಆ ಯಂತ್ರದಂಥ ಮುಖದೆದುರು ಬಗ್ಗಿ, "ಕಾಣತ್ತಾ?" ಎಂದಳು.

"ಕಾಣತ್ತೆ."

"ಹಾಗಿದ್ರೆ ತಲೆಗೆ ಬಾಣಲೆ ಹಾಕ್ಕೊಂಡು ಬನ್ನಿ, ನನಗೇನು."

ತಂಗಿ ಕೋಟಿನ ಒಳಮಡಿಕೆ ಬಿಚ್ಚಿದಳು. ಮೂರು ಸಲ ಹಾಕಿ ಬಿಚ್ಚಿದ್ದರಿಂದ ತೂತಿನ ಅಂಚು ನವೆದು ಹೋಗಿತ್ತು. ಮೊದಲು ಆ ಅಂಚನ್ನೇ ಕಟ್ಟಬೇಕಿತ್ತು. ಸೋಮವಾರ ಅದೊಂದೇ ಮಾಡಿದಳು. ಮಂಗಳವಾರ ಉದ್ದದ ಎಳೆಗಳನ್ನು ಎಳೆದಳು. ಮೂಗಿನ ಮೇಲೆ ಕಬ್ಬಿಣದ ಗುರುತು ಕೆಂಪಗೆ ಎದ್ದಿತು. ಹಣೆ ಮಾತ್ರ ಸಿಡಿಯಲಿಲ್ಲ.

ಅತ್ತ ಕನ್ನಡಕದ ಅಂಗಡಿಯಲ್ಲಿ ಇದಾ-ಅದಾ ಕೈಕಟ್ಟಿ ಕೂತಿದ್ದ. ಬಂದವರ ಕಣ್ಣಿನ ಮುಂದೆ ಎರಡು ಬೆರಳಲ್ಲಿ ಗಾಜು ಹಿಡಿದು ಕೇಳಿ ನೋಡಿದ. ಗಾಜು ಜಾರಿ ಒಬ್ಬರ ಚಹಾದ ಲೋಟಕ್ಕೆ ಬಿತ್ತು. ಮನೆಯಲ್ಲಿ ತಂಗಿ ಮಲಗುವಾಗ ಫ್ರೇಮನ್ನು ಸೂಜಿಡಬ್ಬಿಯ ಜೊತೆ ದಿಂಬಿನ ಕೆಳಗಿಟ್ಟುಕೊಳ್ಳುತ್ತಿದ್ದಳು. ಬುಧವಾರದ ಹೊತ್ತಿಗೆ ಹತ್ತು ದಿನ ಬೇಕಾಗಿದ್ದ ಗಾಜು ಅವನ ಪೆಟ್ಟಿಗೆ ಸಂದಿಯಲ್ಲೇ ಸಿಕ್ಕಿತು. ಗುರುವಾರ ಮಧ್ಯಾಹ್ನ ರಫು ಅಂಗಡಿಗೆ ಬಂದು, ಒದ್ದೆ ಬಟ್ಟೆಗಳ ನಡುವೆ ತಲೆ ತಗ್ಗಿಸಿಕೊಂಡು ನುಸುಳಿ, ತಂಗಿಯ ಮೇಜಿನ ಮುಂದೆ ನಿಂತ.

"ಹನ್ನೊಂದು ಜನ ವಾಪಸ್ ಹೋದ್ರು," ಎಂದ. "ತಗೋ ನಿನ್ನ ಉಬ್ಬು ಗಾಜು. ಫ್ರೇಮು ಕೊಡು."

ಅವಳು ಹೊಸ ಕನ್ನಡಕ ಹಾಕಿಕೊಂಡಳು. ಅವನು ಕೈಚಾಚಿಕೊಂಡೇ ನಿಂತಿದ್ದ. ಅವಳು ಹೊಸದೊಂದು ಸೂಜಿ ತೆಗೆದು, ಎಳೆ ಪೋಣಿಸಿ, ಗಂಟು ಹಾಕಿ, ಐದು ಸಲ ಮೇಲೆ ಕೆಳಗೆ ಹಾಯಿಸಿ ನೋಡಿದಳು. ಆಮೇಲೆ ಫ್ರೇಮನ್ನು ಬಟ್ಟೆಯಿಂದ ಒರೆಸಿ ಕೊಟ್ಟಳು.

"ಯಾರ ಹತ್ರಾನೂ ಹೇಳ್ಬೇಡ," ಎಂದ ಅವನು ದನಿ ತಗ್ಗಿಸಿ. ತನ್ನ ಕಣ್ಣಿನ ಮಾತು ಇರಬೇಕೆಂದು ಅವಳು ಒಂದು ಕ್ಷಣ ಅಂದುಕೊಂಡಳು. "ಆವತ್ತು ನಾನು ಸೋತಿದ್ದನ್ನ."

ಅವಳು ಅವನನ್ನು ನೋಡಿದಳು. ಸಿಟ್ಟಿಗೂ ಒಂದು ಅಳತೆಯ ಮನುಷ್ಯ ಬೇಕು. ಎದುರಿಗಿದ್ದವನು ಆ ಅಳತೆಗೆ ಕಡಿಮೆ ಬಿದ್ದ. "ಆಯ್ತು ಹೋಗಣ್ಣ," ಎಂದು ಕೋಟಿನ ಮೇಲೆ ಬಗ್ಗಿದಳು.

ಶನಿವಾರ ಪಿಟೀಲಿನವರು ಬಂದು ಕೋಟು ತೊಟ್ಟು, ಗುಂಡಿ ಹಾಕಿ, ಕೈಯೆತ್ತಿ ಇಳಿಸಿ, ಏನೂ ಕೇಳದೆ ಹೋದರು. ಅವರು ಬರುವ ಮೊದಲು ಒಡತಿ ಅದನ್ನು ಬಾಗಿಲ ಬೆಳಕಿಗೆ ಒಯ್ದು ಎದೆಯ ಭಾಗವನ್ನು ಎರಡೂ ಕಡೆಯಿಂದ ತಿರುವಿ ನೋಡಿದ್ದಳು. ಉಗುರಿನಿಂದ ಕೆರೆದು ನೋಡಿದ್ದಳು.

"ಎಲ್ಲಿತ್ರೀ ಆ ತೂತು?"

"ಮರ್ತೋಯ್ತು," ಎಂದಿದ್ದಳು ತಂಗಿ.

ಒಡತಿ ಮೇಜಿನ ಮೇಲೆ ಮೂರು ಬಟ್ಟೆ ತಂದು ಹಾಕಿದಳು. ಹೊಗಳಿಕೆಗೆ ಆ ಅಂಗಡಿಯಲ್ಲಿ ಬೇರೆ ಭಾಷೆ ಇರಲಿಲ್ಲ.

ಭಾನುವಾರ ಅವನು ಮತ್ತೆ ಚಾಪೆ ಹಾಸಿದ. ಆಟ ನೋಡಲು ಬೀಗದ ಅಂಗಡಿಯವನೂ ಬಂದು ಕುರ್ಚಿಯ ಮೇಲೆ ಕೂತಿದ್ದ. ಅವನಿಗೆ ಇವನು ವಿವರಿಸುತ್ತಿದ್ದ: "ನಮ್ಮ ತಂಗಿದು ಕಣ್ಣೇ ಹೋಗಿಬಿಡೋದು. ಸರಿಯಾದ ಹೊತ್ತಿಗೆ ನಾನು ಪತ್ತೆ ಮಾಡ್ದೆ. ರಾತ್ರಿ ಹಗಲು ಕೂತು ಗಾಜು ಉಜ್ಜಿದೀನಿ." ತಂಗಿ ಒಳಕೋಣೆಯ ಹೊಸಿಲಲ್ಲಿ ಕೂತು ಒಂದು ಶಾಲಿನ ಅಂಚು ಕಟ್ಟುತ್ತಿದ್ದಳು. ತಲೆಯೆತ್ತಲಿಲ್ಲ.

"ಬಾಮ್ಮ, ಎಲೆ ಹಂಚ್ತೀನಿ."

"ನನ್ನ ಬಿಟ್ಟು ಹಂಚು ಅಣ್ಣ."

"ಮೂರೇ ಜನ ಆದ್ರೆ ಆಟ ಏನು ಚೆಂದ?"

"ಚೆಂದ ನೀನು ನೋಡ್ಕೋ. ನಂಗೆ ನೋಡೋಕೆ ಬೇರೆ ಇದೆ."

ಅವನು ಹಂಚಿದ. ಹೆಂಡತಿ ಬರಿ ಗಾಜಿನ ಕನ್ನಡಕ ಏರಿಸಿಕೊಂಡು ಕಿಟಕಿಗೆ ಬೆನ್ನು ಮಾಡಿ ಕೂತಳು. ತಮ್ಮ ಒಮ್ಮೆ ಅಕ್ಕನ ಕಡೆ ನೋಡಿ, ಒಮ್ಮೆ ಅಣ್ಣನ ಕಡೆ ನೋಡಿ, ಅವನೂ ತನ್ನ ಜಾಗಕ್ಕೆ ಹೋದ. ಇಬ್ಬರಿಗೂ ಗೊತ್ತಿತ್ತು, ಅವರಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಯಾರೂ ಕನ್ನಡಕ ತೆಗೆಯಲಿಲ್ಲ. ಅರ್ಧ ಗಂಟೆಯಲ್ಲಿ ಅವನು ಕೈ ಖಾಲಿ ಮಾಡಿ, ಬೀಗದ ಅಂಗಡಿಯವನ ಕಡೆ ತಿರುಗಿ, "ನೋಡಿದ್ರಾ?" ಎಂದು ಎದೆಯುಬ್ಬಿಸಿದ. ತಮ್ಮ ಕ್ಲಿಪ್ಪಿಗೆ ಕಿವಿ ಕೊಟ್ಟ.

ಹೊಸಿಲಲ್ಲಿ ತಂಗಿ ಹೊಸ ಎಳೆಯೊಂದನ್ನು ಬಾಯಲ್ಲಿ ತೇವ ಮಾಡಿ ಸೂಜಿಯ ಕಣ್ಣಿಗೆ ಹಿಡಿದಳು. ಅದು ಒಂದೇ ಸಲಕ್ಕೆ ಹಾಯಿತು.